ಪಾತಾಳವನ್ನು ಬರೆಯುವಾಗ ಬೆಳಕು ಎಲ್ಲಿಂದ ಬರಬೇಕು?

ಮುರಕಲ್ಲು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಮೀಪದ ಒಂದು ಹಳ್ಳಿಯಲ್ಲಿ ಅಡಿಕೆ ತೋಟದ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಚಿತ್ರ ಬರೆಯುವವಳು ನಾನು. ಅತಲ, ವಿತಲ, ಸುತಲ, ತಲಾತಲ, ಮಹಾತಲ, ರಸಾತಲ, ಪಾತಾಳ ಎಂಬ ಏಳು ಕೆಳಲೋಕಗಳನ್ನು ಏಳು ದೊಡ್ಡ ಚಿತ್ರಗಳಲ್ಲಿ ಕಟ್ಟಬೇಕೆಂದು ಮೂರು ವರ್ಷಗಳಿಂದ ದುಡಿಯುತ್ತಿದ್ದೇನೆ. ನಾಲ್ಕು ಮುಗಿದಿವೆ, ಐದನೆಯದು ಅರ್ಧದಲ್ಲಿ ನಿಂತಿದೆ. ಏಕೆ ನಿಂತಿತೆಂಬುದನ್ನು ವಿವರವಾಗಿ ಹೇಳಿ, ತಿಳಿದವರ ಅಭಿಪ್ರಾಯ ಕೇಳಬೇಕೆಂದಿದ್ದೇನೆ.

ಚಿಕ್ಕಂದಿನಿಂದ ನನಗೆ ಪಾತಾಳವೆಂದರೆ ಮನೆಯ ಹಿಂದಿನ ಗುಡ್ಡದ ಸುರಂಗವೇ. ಈ ಕಡೆಯ ಪರಿಚಯವಿಲ್ಲದವರಿಗೆ ಹೇಳಬೇಕಾದ ಮಾತೊಂದಿದೆ: ಕಾಸರಗೋಡಿನಲ್ಲಿ ಸುರಂಗವೆಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲದ, ಒಸರುವ ನೀರನ್ನು ಹೊರಗಿನ ಕೆರೆಗೆ ಹರಿಸುವ ಅಡ್ಡಬಾವಿ. ಅಜ್ಜನ ಪಿಕ್ಕಾಸಿನ ಗೀರುಗಳು ಗೋಡೆಯ ಮೇಲೆ ಓರೆಯಾಗಿ, ಒಂದರ ಕೆಳಗೊಂದು ಈಗಲೂ ಹಾಗೆಯೇ ಇವೆ. ಒಳಗೆ ಹೋಗುವಾಗ ಅವರು ಮೇಣದ ಬತ್ತಿಯನ್ನು ಮುಂದೆ ಹಿಡಿಯುತ್ತಿದ್ದರು. ಉರಿ ಸಣ್ಣಗಾದರೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ, ಕೂಡಲೇ ಹಿಂದಿರುಗಬೇಕು. ಬಾಯಿಯ ಬಳಿ ಜರಿಗಿಡ ಮತ್ತು ಹಾವಸೆ, ಸ್ವಲ್ಪ ಒಳಗೆ ಸರಿದರೆ ಅವೂ ಇಲ್ಲ. ಮತ್ತೂ ಒಳಗೆ ಗುಡ್ಡದ ಮೇಲಿನ ಮರಗಳ ಬೇರುಗಳು ಚಾವಣಿಯನ್ನು ಸೀಳಿಕೊಂಡು ಬಂದು, ನೀರನ್ನು ಅರಸುತ್ತ ತಲೆಯ ಮೇಲೆ ಜೋಲುತ್ತಿರುತ್ತವೆ. ಆ ಬೇರುಗಳೇ ನನ್ನ ಮೊದಲ ಚಿತ್ರದಲ್ಲಿ ತಲೆಕೆಳಗಾಗಿ ಬೆಳೆಯುವ ಕಾಡಾದವು.

ಕಳೆದ ಬೇಸಿಗೆಯಲ್ಲಿ ಊರಿನ ವಾಚನಾಲಯದ ಗೋಡೆಯ ಮೇಲೆ ಈ ಚಿತ್ರಗಳನ್ನು ಎರಡು ದಿನ ತೂಗುಹಾಕಿದ್ದೆ. ಬಂದವರಲ್ಲಿ ಇಬ್ಬರ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊದಲನೆಯವರು ಪುರಾಣವನ್ನು ಚೆನ್ನಾಗಿ ಓದಿಕೊಂಡ ಹಿರಿಯ ಬಂಧುಗಳು. ಭಾಗವತದ ಐದನೆಯ ಸ್ಕಂಧದಲ್ಲಿ ಈ ಏಳನ್ನೂ ಬಿಲಸ್ವರ್ಗಗಳೆಂದು ಕರೆದಿದೆಯೆಂದೂ, ಅಲ್ಲಿ ಮಯನು ನಿರ್ಮಿಸಿದ ನಗರಗಳೂ ಉದ್ಯಾನಗಳೂ ಇವೆಯೆಂದೂ, ಸೂರ್ಯನಿಲ್ಲದ ಕಾರಣ ಹಗಲಿರುಳುಗಳ ಎಣಿಕೆಯೇ ಇಲ್ಲದ ಆ ಲೋಕಗಳ ಕತ್ತಲೆಯನ್ನು ಮಹಾಸರ್ಪಗಳ ಹೆಡೆಯ ಮಣಿಗಳು ಕಳೆಯುತ್ತವೆಯೆಂದೂ ಅವರು ವಿವರಿಸಿದರು. "ನೀನು ಬರೆದದ್ದು ಕತ್ತಲೆ ಮತ್ತು ಕೆಸರು. ಅದು ನರಕವಾದೀತು, ನರಕದ ವಿಚಾರ ಪುರಾಣದಲ್ಲಿ ಬೇರೆಯೇ ಇದೆ" ಎಂದರು. ಎರಡನೆಯವರು ಪ್ರಾಣಿಶಾಸ್ತ್ರ ಕಲಿಸುವ ತರುಣಿ. ಸುತಲದ ಬಾಗಿಲಲ್ಲಿ ನಾನು ಕೂರಿಸಿದ್ದ ಕಪ್ಪೆಯನ್ನು ಬಹಳ ಹೊತ್ತು ನೋಡಿ, ನೆಲದಡಿಯಲ್ಲೇ ಬಾಳುವ ಕಪ್ಪೆಗೆ ಇಷ್ಟು ದೊಡ್ಡ ಕಣ್ಣುಗಳೂ ಇಷ್ಟು ಅಗಲವಾದ ಬಾಯಿಯೂ ಏಕೆ, ಬೆಳಕೇ ಇಲ್ಲದ ಕಡೆ ಹಸಿರೆಲೆಗಳು ಹೇಗೆ ಬಂದವು ಎಂದು ಕೇಳಿದರು. ಉತ್ತರ ಕೊಡಲು ನನಗೆ ಆಗಲಿಲ್ಲ.

ಒಬ್ಬರಿಗೆ ನನ್ನ ಲೋಕದಲ್ಲಿ ಬೆಳಕು ಕಡಿಮೆಯಾಯಿತು, ಮತ್ತೊಬ್ಬರಿಗೆ ಹೆಚ್ಚಾಯಿತು. ಕಲ್ಪನೆಯ ಚಿತ್ರವಲ್ಲವೇ, ಏನು ಬೇಕಾದರೂ ಬರೆಯಬಹುದೆಂದು ಸಮಾಧಾನ ಹೇಳಿದವರೂ ಇದ್ದಾರೆ. ಆ ಸಮಾಧಾನ ನನಗೆ ಸಾಲದು. ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ನೋಡುವವರ ಕಣ್ಣು ನಿಲ್ಲುವುದಿಲ್ಲವೆಂಬುದು ನನ್ನ ಅನುಭವ. ಪುರಾಣದಿಂದಲೂ ಪ್ರಕೃತಿ ವಿಜ್ಞಾನದಿಂದಲೂ ಪ್ರೇರಣೆ ಪಡೆದು ಲೋಕವೊಂದನ್ನು ಕಟ್ಟುವವರು ಯಾವುದರ ನಿಯಮಕ್ಕೆ ಒಳಪಡಬೇಕು? ಇದರ ಜೊತೆಗೆ ಸಣ್ಣ ಪ್ರಶ್ನೆಯೊಂದಿದೆ: ಸುರಂಗದಿಂದ ತೆಗೆದ ಮಣ್ಣಿನಿಂದಲೇ ಬಣ್ಣ ಮಾಡಿಕೊಳ್ಳಬೇಕೆಂದಿದ್ದೇನೆ. ಮಾಡಿ ನೋಡಿದವರಿದ್ದರೆ ದಯವಿಟ್ಟು ಕ್ರಮವನ್ನು ತಿಳಿಸಿ.

ಪದವಿನ ಮಾಷ್ಟ್ರು ಉತ್ತರಿಸಿದ್ದಾರೆ:

ತಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಆ ತರುಣಿ ಕೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅವರು ಅರ್ಧದಲ್ಲಿ ನಿಲ್ಲಿಸಿದರೆಂದು ನನಗೆ ಅನಿಸುತ್ತದೆ. ವಿಜ್ಞಾನವು ತಮ್ಮ ಪಾತಾಳದಿಂದ ಹಸಿರೆಲೆಯನ್ನು ಕಿತ್ತುಕೊಂಡರೂ ಅದರ ಜಾಗದಲ್ಲಿ ಇನ್ನೇನನ್ನು ಇಡಬಹುದೆಂಬುದನ್ನೂ ಹೇಳುತ್ತದೆ.

ಬೆಳಕಿನ ವಿಚಾರವನ್ನೇ ಮೊದಲು ನೋಡೋಣ. ಕತ್ತಲೆಯಲ್ಲಿ ತಾವೇ ಹೊಳೆಯುವ ಅಣಬೆಗಳು ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಹಲವು ಕಡೆ ಕಾಣಸಿಗುತ್ತವೆ. ನಮ್ಮ ಜಿಲ್ಲೆಯ ರಾಣಿಪುರದ ಕಾಡಿನಲ್ಲೂ 2024ರಲ್ಲಿ ಅಂಥ ಅಣಬೆ ಕಂಡುಬಂದ ವರದಿ ಪತ್ರಿಕೆಗಳಲ್ಲಿ ಬಂದಿತ್ತು. ಲೂಸಿಫೆರಿನ್ ಎಂಬ ವಸ್ತುವು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಗಾಳಿಯ ಆಮ್ಲಜನಕದೊಡನೆ ಸೇರುವಾಗ ಹೊರಡುವ, ಬಿಸಿಯಿಲ್ಲದ ಹಸಿರು ಬೆಳಕು ಅದು. ಈ ಅಣಬೆಗಳು ಬದುಕುವುದು ಕೊಳೆಯುತ್ತಿರುವ ಮರದ ಮೇಲೆ. ತಮ್ಮ ತಲೆಕೆಳಗಾದ ಕಾಡಿನಲ್ಲಿ ಬೇರುಗಳಿವೆಯೆಂದಾದರೆ ಸತ್ತ ಬೇರುಗಳೂ ಇರಲೇಬೇಕು. ಬೆಳಕು ಆ ಸತ್ತ ಬೇರುಗಳಿಂದ ಬರಲಿ. ಹೆಡೆಯ ಮಣಿಗಳ ಬೆಳಕನ್ನೂ ಇದೇ ಬಗೆಯ, ಸುಡದ, ಹಸಿರು ಛಾಯೆಯ ಬೆಳಕೆಂದು ಭಾವಿಸಿಕೊಂಡರೆ ತಮ್ಮ ಬಂಧುಗಳ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ.

ಆದರೆ ಇದನ್ನು ಒಪ್ಪಿಕೊಂಡ ಮೇಲೆ ಅದರ ಫಲವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹಸಿರು ಬೆಳಕಿನಲ್ಲಿ ಕೆಂಪು ಮುರಕಲ್ಲು ಕೆಂಪಾಗಿ ಕಾಣಿಸುವುದಿಲ್ಲ, ಹೆಚ್ಚುಕಡಿಮೆ ಕಪ್ಪಾಗಿ ಕಾಣಿಸುತ್ತದೆ. ಏಕೆಂದರೆ ಹಿಂತಿರುಗಿಸಲು ಅದಕ್ಕೆ ಬೇಕಾದ ಕೆಂಪು ಕಿರಣಗಳೇ ಅಲ್ಲಿರುವುದಿಲ್ಲ. ಜೊತೆಗೆ, ಮಂದ ಬೆಳಕಿನಲ್ಲಿ ನಾವು ನೋಡುವುದು ಅಕ್ಷಿಪಟಲದ ಕಡ್ಡಿಕೋಶಗಳಿಂದ. ಅವು ಕತ್ತಲೆಗೆ ಪೂರ್ತಿಯಾಗಿ ಒಗ್ಗಲು ಸುಮಾರು ಅರ್ಧ ಗಂಟೆ ಬೇಕು, ಕೆಂಪನ್ನಂತೂ ಅವು ಬಹುತೇಕ ಗ್ರಹಿಸುವುದೇ ಇಲ್ಲ. ಸುರಂಗದ ಕೆಂಪೆಂದು ತಮಗೆ ನೆನಪಿರುವುದು ಅಜ್ಜನವರ ಮೇಣದ ಬತ್ತಿಯ ಬೆಳಕಿನ ಕೆಂಪು. ಬತ್ತಿಯನ್ನು ನಂದಿಸಿದ ಮೇಲಿನ ಸುರಂಗವನ್ನು ತಾವು ನೋಡಿದ್ದೀರಾ?

ಇನ್ನು ಕಪ್ಪೆಯ ವಿಚಾರ. ತಾವು ಅರಿತೋ ಅರಿಯದೆಯೋ ಬಹಳ ಸರಿಯಾದ ಜಾಗದಲ್ಲಿ ಅದನ್ನು ಕೂರಿಸಿದ್ದೀರಿ. ಇಡುಕ್ಕಿಯಲ್ಲಿ ಸಿಕ್ಕಿ 2003ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾದ ನೇರಳೆ ಕಪ್ಪೆಯನ್ನು ಮಲಯಾಳದಲ್ಲಿ ಮಾವೇಲಿಯ, ಎಂದರೆ ಸುತಲದ ಒಡೆಯ ಬಲಿ ಚಕ್ರವರ್ತಿಯ, ಕಪ್ಪೆಯೆಂದೇ ಕರೆಯುತ್ತಾರೆ. ವರ್ಷವಿಡೀ ನೆಲದಡಿಯಲ್ಲಿ ಗೆದ್ದಲು ತಿಂದುಕೊಂಡಿದ್ದು, ಮಳೆ ಹಿಡಿಯುವ ಕಾಲದಲ್ಲಿ ಕೆಲವೇ ದಿನಗಳ ಮಟ್ಟಿಗೆ ಸಂತಾನಕ್ಕಾಗಿ ಮೇಲೆ ಬರುವ ಈ ಜೀವಿಗೆ, ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುವ ಬಲಿಯ ಹೆಸರಿಗಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ಅದರ ಹತ್ತಿರದ ಬಂಧುಗಳಿರುವುದು ಹಿಂದೂ ಮಹಾಸಾಗರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ. ಭಾರತವೂ ಆ ದ್ವೀಪಗಳೂ ಒಂದೇ ನೆಲವಾಗಿದ್ದ ಕಾಲದ ವಂಶ ಅದು. ಉಬ್ಬಿದ ಮೈ, ಚೂಪು ಮೂತಿ, ಕಿರಿದಾದ ಬಾಯಿ, ಸಣ್ಣ ಕಣ್ಣು. ತಾವು ಬರೆದ ದೊಡ್ಡ ಕಣ್ಣಿಗಿಂತ ಈ ಸಣ್ಣ ಕಣ್ಣೇ ಹೆಚ್ಚು ವಿಚಿತ್ರ.

ಪುರಾಣದಿಂದ ವಿಜ್ಞಾನ ಪಡೆದುಕೊಂಡ ಹೆಸರು ಇದೊಂದೇ ಅಲ್ಲ. ಕೇರಳದ ಬಾವಿಗಳ ಅಡಿಯಲ್ಲಿ, ಮುರಕಲ್ಲಿನ ಪದರದ ನೀರಿನಲ್ಲಿ ಕಣ್ಣಿಲ್ಲದ, ಬಣ್ಣವಿಲ್ಲದ, ಚರ್ಮದ ಮೂಲಕ ರಕ್ತದ ಕೆಂಪು ಕಾಣಿಸುವ ಮೀನುಗಳಿವೆ. ಅವುಗಳಲ್ಲೊಂದಕ್ಕೆ 1950ರಲ್ಲೇ ಹೆಸರಿಟ್ಟಾಗಿತ್ತು. ಚೆಂಗನ್ನೂರಿನ ಬಾವಿಯೊಂದರಲ್ಲಿ ದೊರೆತ, ಕೆಲವೇ ಸೆಂಟಿಮೀಟರ್ ಉದ್ದದ, ಹಾವಿನಂತೆ ಬಳುಕುವ ಮೀನಿಗೆ 2022ರಲ್ಲಿ ಪಾಂಜಿಯೋ ಪಾತಾಳ ಎಂದೇ ಹೆಸರಿಟ್ಟರು. ಪಾತಾಳದ ಅಧಿಪತಿಯೆಂದು ಭಾಗವತವು ಹೇಳುವ ವಾಸುಕಿಯ ಹೆಸರು, ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯಲ್ಲಿ ದೊರೆತು 2024ರಲ್ಲಿ ಪ್ರಕಟವಾದ ಮಹಾಸರ್ಪದ ಪಳೆಯುಳಿಕೆಗೆ ಸಂದಿದೆ. ಸಿಕ್ಕಿದ್ದು 27 ಕಶೇರುಮಣಿಗಳು. ಅವುಗಳ ಗಾತ್ರದಿಂದ ಹಾವಿನ ಉದ್ದವನ್ನು 11ರಿಂದ 15 ಮೀಟರ್ ಎಂದು ಅಂದಾಜಿಸಿದ್ದಾರೆ, ವಯಸ್ಸು ಸುಮಾರು 4.7 ಕೋಟಿ ವರ್ಷ. ನೆಲದಡಿಯ ಕಪ್ಪು ಗಣಿಯಿಂದ ಮಣಿಗಳು ಬಂದದ್ದೇನೋ ನಿಜ, ಹೆಡೆಯ ಮಣಿಗಳ ಬದಲು ಬೆನ್ನಿನ ಮಣಿಗಳು ಬಂದವು. ಏಳನೆಯ ಚಿತ್ರಕ್ಕೆ ತಾವು ಈ 27 ಮಣಿಗಳನ್ನು ಬಳಸಿಕೊಳ್ಳುವುದಾದರೆ ನನಗೆ ತುಂಬ ಸಂತೋಷವಾಗುತ್ತದೆ.

ಚೌಕಿಮನೆ ಉತ್ತರಿಸಿದ್ದಾರೆ:

ತಂಗೀ, ವಯಸ್ಸಿನಲ್ಲಿ ಹಿರಿಯನೆಂಬ ಸಲುಗೆಯಿಂದ ಹೀಗೆ ಕರೆಯುತ್ತೇನೆ. ನಾನು ಕುಂಬಳೆಯ ಕಡೆಯವನು, ಯಕ್ಷಗಾನ ಮೇಳಗಳಲ್ಲಿ ಬಣ್ಣದ ವೇಷ, ಎಂದರೆ ರಕ್ಕಸರ ವೇಷ, ಮಾಡಿಕೊಂಡು ಬಂದವನು. ವಿಜ್ಞಾನ ನನಗೆ ತಿಳಿಯದು. ಆದರೆ ಎಲ್ಲೂ ಇಲ್ಲದ ಮುಖವನ್ನು ದಿನವೂ ನನ್ನ ಮುಖದ ಮೇಲೆಯೇ ಬರೆದುಕೊಂಡಿದ್ದೇನಾದ್ದರಿಂದ ಎರಡು ಮಾತು ಹೇಳುತ್ತೇನೆ.

ತೆಂಕುತಿಟ್ಟಿನ ರಕ್ಕಸನ ಮುಖ ಹುಲಿಯದಲ್ಲ, ಹಂದಿಯದಲ್ಲ, ಮನುಷ್ಯನದಂತೂ ಅಲ್ಲವೇ ಅಲ್ಲ. ಆದರೂ ಮನಸ್ಸಿಗೆ ಬಂದಂತೆ ಅದನ್ನು ಬರೆಯುವ ಹಾಗಿಲ್ಲ. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಹದವಾಗಿ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚಿಟ್ಟಿಯನ್ನು ಕಣ್ಣಿನ ಸುತ್ತ, ಕೆನ್ನೆಯ ಏರಿನ ಮೇಲೆ ಸಾಲಾಗಿ ಇಡುತ್ತ ಹೋಗಬೇಕು. ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು; ಹೀಗೆ ಮುಳ್ಳು ಎದ್ದು ನಿಲ್ಲಬೇಕು. ಹಿಟ್ಟು ನೀರಾದರೆ ಚಿಟ್ಟಿ ಕುಸಿಯುತ್ತದೆ, ಗಟ್ಟಿಯಾದರೆ ಮಾತನಾಡುವಾಗ ಉದುರುತ್ತದೆ. ಗಂಟೆಗಟ್ಟಲೆ ಅಲುಗಾಡದೆ ಕುಳಿತು ಮುಗಿಸಿದ ಮೇಲೆ, ಕೆನ್ನೆಯ ಎಲುಬು ಎಲ್ಲಿದೆಯೋ ಅಲ್ಲಿಯೇ ಚಿಟ್ಟಿಯ ಸಾಲು ತಿರುಗಿದ್ದರೆ ಮಾತ್ರ ಆ ಮುಖ ರಂಗಸ್ಥಳದಲ್ಲಿ ಜೀವ ತಳೆಯುತ್ತದೆ. ಬಣ್ಣ ರಕ್ಕಸನದಾದರೂ ಅಡಿಯಲ್ಲಿರುವ ಎಲುಬು ಮನುಷ್ಯನದು, ಅದನ್ನು ಮರೆತು ಬರೆದವನ ಮುಖ ಬರಿಯ ಮುಖವಾಡವಾಗುತ್ತದೆ. ನಿಮ್ಮ ಕಪ್ಪೆಗೂ ಇದೇ ಮಾತು ಸಲ್ಲುವುದೆಂದು ನನ್ನ ಭಾವನೆ.

ಎರಡನೆಯದು ಬಲೀಂದ್ರನ ವಿಚಾರ. ಸುತಲವೆಂದರೆ ಬಲಿಯ ಲೋಕ, ಅವನ ಬಾಗಿಲನ್ನು ಕಾಯುವವನು ಸಾಕ್ಷಾತ್ ವಿಷ್ಣು. ನಮ್ಮ ಕಡೆ ದೀಪಾವಳಿಯ ಸಂಜೆ ಹಾಲೆ ಮರದ ಕಂಬ ನೆಟ್ಟು, ದೀಪವಿಟ್ಟು, ಕೂ ಹಾಕಿ ಅವನನ್ನು ಕರೆಯುವುದನ್ನು ನೀವೂ ನೋಡಿರುತ್ತೀರಿ. ನಾಡಿಗೆ ಶಾಶ್ವತವಾಗಿ ಮರಳುವುದು ಯಾವಾಗ ಎಂಬುದಕ್ಕೆ ತುಳುವಿನ ಕರೆಯಲ್ಲಿ ಏನೆಂದಿದೆ? ಬಿಳಿಕಲ್ಲು ಹೂ ಬಿಡುವಾಗ ಬಾ, ಉಪ್ಪು ಕರ್ಪೂರವಾಗುವಾಗ ಬಾ, ಉದ್ದಿನ ಕಾಳು ಮದ್ದಳೆಯಾಗುವಾಗ ಬಾ, ತುಂಬೆ ಗಿಡದ ಅಡಿಯಲ್ಲಿ ಕೂಟ ಸೇರುವಾಗ, ನೆಕ್ಕಿ ಗಿಡದ ಅಡಿಯಲ್ಲಿ ಆಟ ನಡೆಯುವಾಗ, ಗುಲಗಂಜಿಯ ಕಪ್ಪು ಮಾಸುವಾಗ ಬಾ. ಇದನ್ನು ಕಟ್ಟಿದವರು ಓದು ಬರಹ ಬಲ್ಲವರಾಗಿರಲಿಲ್ಲ. ಆದರೆ ಆಗದ ಹೋಗದ ಒಂದು ಲೋಕವನ್ನು ಇಡಿಯಾಗಿ ಕಟ್ಟಿಬಿಟ್ಟರು, ಅದಕ್ಕೆ ಬಳಸಿದ್ದೆಲ್ಲ ಅಂಗಳದಲ್ಲೂ ಅಡುಗೆಮನೆಯಲ್ಲೂ ಸಿಗುವ ವಸ್ತುಗಳು. ಉದ್ದಿನ ಕಾಳನ್ನು ಹತ್ತಿರದಿಂದ ನೋಡದವನಿಗೆ ಅದರಲ್ಲಿ ಮದ್ದಳೆಯ ಆಕಾರ ಕಂಡೀತೇ? ನೀವು ಸುತಲವನ್ನು ಬರೆಯುವುದಾದರೆ ಇದನ್ನೇ ಏಕೆ ಬರೆಯಬಾರದು?

ಗೋಡೆಬಣ್ಣ ಉತ್ತರಿಸಿದ್ದಾರೆ:

ನಾನು ಮಂಜೇಶ್ವರದವನು, ಕೇರಳ ಶೈಲಿಯ ಭಿತ್ತಿಚಿತ್ರ ಕಲಿತು ದೇವಸ್ಥಾನಗಳ ಗೋಡೆಗಳಲ್ಲಿ ಕೆಲಸ ಮಾಡುತ್ತೇನೆ. ಮಣ್ಣಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸಣ್ಣ ಪ್ರಶ್ನೆಯೆಂದು ನನಗೆ ಅನಿಸುವುದಿಲ್ಲ.

ಮುರಕಲ್ಲಿನ ಬಣ್ಣವೆಲ್ಲ ಕಬ್ಬಿಣದ ಆಕ್ಸೈಡುಗಳದು. ಕೆಂಪಿಗೆ ಹೆಮಟೈಟ್, ಹಳದಿಗೆ ಗೋಥೈಟ್ ಕಾರಣ. ಮಣ್ಣನ್ನು ಕುಟ್ಟಿ, ಬಕೆಟ್ಟಿನ ನೀರಿನಲ್ಲಿ ಚೆನ್ನಾಗಿ ಕಲಕಿ, ಮರಳು ತಳ ಸೇರುವಷ್ಟು ಹೊತ್ತು ಮಾತ್ರ ಬಿಟ್ಟು, ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿ, ಕೊನೆಯ ನೀರನ್ನು ಒಂದೆರಡು ದಿನ ಅಲುಗಿಸದೆ ಇಟ್ಟರೆ ಬೆರಳಿಗೆ ಕಣವೇ ಸಿಗದಷ್ಟು ನಯವಾದ ರಾಡಿ ತಳದಲ್ಲಿ ನಿಲ್ಲುತ್ತದೆ. ಅದನ್ನು ಒಣಗಿಸಿ ಅರೆದರೆ ಬಣ್ಣ ಸಿದ್ಧ. ಹಳದಿ ಮಣ್ಣನ್ನು ಕಬ್ಬಿಣದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿದರೆ ಅದರೊಳಗಿನ ನೀರಿನಂಶ ಹೋಗಿ ಗೋಥೈಟ್ ಹೆಮಟೈಟ್ ಆಗುತ್ತದೆ, ಕಣ್ಣೆದುರೇ ಹಳದಿಯು ಕೆಂಪಿಗೆ ತಿರುಗುತ್ತದೆ. ಎಲ್ಲಿ ನಿಲ್ಲಿಸುತ್ತೀರೋ ಆ ಛಾಯೆ ನಿಮ್ಮದು. ಗೋಡೆಗೆ ನಾವು ಬೇವಿನ ಅಂಟನ್ನು ಬಳಸುತ್ತೇವೆ; ಕಾಗದಕ್ಕೆ ಜಾಲಿಯ ಅಂಟು ಸಾಕು. ಬಿಳಿಗೆ ಸುಣ್ಣ, ಕಪ್ಪಿಗೆ ಎಣ್ಣೆದೀಪದ ಮಸಿ. ನಾಗಮಂಡಲದಲ್ಲಿ ನೋಡಿ ಇಷ್ಟಪಟ್ಟು, ಅರಶಿನಕ್ಕೆ ಸುಣ್ಣ ಬೆರೆಸಿದ ಕೆಂಪನ್ನು ಬಳಸಲು ಮಾತ್ರ ಹೋಗಬೇಡಿ. ಒಂದು ರಾತ್ರಿಯ ಮಂಡಲಕ್ಕೆ ಅದು ಶೋಭೆ, ಚಿತ್ರದಲ್ಲಾದರೆ ಬೆಳಕಿಗೆ ಮಾಸಿಹೋಗುತ್ತದೆ.

ಮಾಷ್ಟ್ರು ಬರೆದದ್ದರಲ್ಲಿ ಒಂದು ವಿಷಯವನ್ನು ನಾನು ಒಪ್ಪಲಾರೆ. ಹಸಿರು ಬೆಳಕಿನಲ್ಲಿ ಕೆಂಪು ಕಪ್ಪಾಗುತ್ತದೆಂಬುದು ಕಣ್ಣಿನ ಸತ್ಯ. ನಮ್ಮ ಭಿತ್ತಿಚಿತ್ರಗಳಲ್ಲಿ ಬೆಳಕು ಹೊರಗಿನಿಂದ ಬೀಳುವುದೇ ಇಲ್ಲ. ಅಲ್ಲಿ ನೆರಳು ಬೀಳುವುದನ್ನು ನೀವು ನೋಡಿರಲಾರಿರಿ. ಸಾತ್ತ್ವಿಕನಿಗೆ ಹಸಿರು, ರಾಜಸಿಕನಿಗೆ ಕೆಂಪು ಎಂದು ಗುಣಕ್ಕೆ ತಕ್ಕಂತೆ ಬಣ್ಣವನ್ನು ಕೊಡುತ್ತೇವೆ, ಆ ಬಣ್ಣ ಮಧ್ಯಾಹ್ನಕ್ಕೂ ನಡುರಾತ್ರಿಗೂ ಒಂದೇ. ಚಿತ್ರಕ್ಕೆ ಕಣ್ಣಿನ ಬೆಳಕು ಬೇಕೋ ಗುಣದ ಬೆಳಕು ಬೇಕೋ ಎಂಬುದನ್ನು ತಾವು ತೀರ್ಮಾನಿಸಬೇಕು. ಎರಡನ್ನೂ ಒಂದೇ ಚಿತ್ರದಲ್ಲಿ ಅರೆಬರೆ ಬೆರೆಸಿದರೆ ಎರಡೂ ಕೆಡುತ್ತವೆ. ತಮ್ಮ ಐದನೆಯ ಚಿತ್ರ ನಿಂತದ್ದು ಇದೇ ಕಾರಣಕ್ಕೆ ಇರಬಹುದೇ?

ಕಪ್ಪೆಯ ಕಣ್ಣಿನ ವಿಚಾರದಲ್ಲಿ ನಾನು ಮಾಷ್ಟ್ರ ಪಕ್ಷ. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವೊಂದು ಗೋವೆಯಿಂದ ಹಡಗಿನಲ್ಲಿ ಹೊರಟು 1515ರಲ್ಲಿ ಲಿಸ್ಬನ್ ತಲುಪಿತು. ಜರ್ಮನಿಯ ಆಲ್ಬ್ರೆಖ್ಟ್ ಡ್ಯೂರರ್ ಅದನ್ನು ಕಣ್ಣಾರೆ ನೋಡಿದವನಲ್ಲ. ಯಾರೋ ಕಳುಹಿಸಿದ ವಿವರಣೆ ಮತ್ತು ರೇಖಾಚಿತ್ರವನ್ನು ನೋಡಿಕೊಂಡು ಮರದ ಅಚ್ಚು ಕೆತ್ತಿಸಿದ. ಚರ್ಮವನ್ನು ಕವಚದಂತೆ ಬರೆದ, ಬೆನ್ನಿನ ಮೇಲ್ಭಾಗದಲ್ಲಿ ಇಲ್ಲದ ಸಣ್ಣ ಕೊಂಬೊಂದನ್ನು ಇಟ್ಟ. ಆ ಗೆರೆಗಳಲ್ಲಿ ಎಷ್ಟು ಶಕ್ತಿಯಿತ್ತೆಂದರೆ ಮುಂದೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಯುರೋಪಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಆ ಕೊಂಬು ಉಳಿದುಕೊಂಡಿತು. ಚೆನ್ನಾಗಿ ಬರೆಯುವವರ ತಪ್ಪು ಬಹಳ ದೂರ ಹೋಗುತ್ತದೆಂಬುದು ಕೆಲಸದ ನಡುವೆ ನನ್ನನ್ನು ಆಗಾಗ ಹಿಡಿದು ನಿಲ್ಲಿಸುವ ಯೋಚನೆ. ಇನ್ನೊಂದು ಕಡೆ ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ 1621ರಲ್ಲಿ ಝೀಬ್ರಾವನ್ನು ಬರೆದ. ಆ ಪ್ರಾಣಿಯನ್ನು ನೋಡಿದವರು ಯಾರೋ ಕುದುರೆಗೆ ಪಟ್ಟೆ ಬಳಿದಿದ್ದಾರೆಂದು ಅನುಮಾನಿಸಿದರಂತೆ; ಪರೀಕ್ಷಿಸಿ, ಅದು ಹುಟ್ಟಿನಿಂದಲೇ ಬಂದ ಬಣ್ಣವೆಂದು ಖಚಿತಪಡಿಸಿಕೊಂಡದ್ದನ್ನು ಜಹಾಂಗೀರನೇ ಬರೆದಿಟ್ಟಿದ್ದಾನೆ. ಮನ್ಸೂರನು ಒಂದು ಪಟ್ಟೆಯನ್ನೂ ಹೆಚ್ಚಿಗೆ ಸೇರಿಸಬೇಕಾಗಿರಲಿಲ್ಲ.

ಮುರಕಲ್ಲು ಮತ್ತೆ ಬರೆದಿದ್ದಾರೆ:

ಮಾಷ್ಟ್ರಿಗೂ ಇಬ್ಬರು ಅಣ್ಣಂದಿರಿಗೂ ನಾನು ಋಣಿ. ಉತ್ತರ ಬರೆಯಲು ತಡವಾದದ್ದಕ್ಕೆ ಕ್ಷಮಿಸಿ. ನೀವು ಹೇಳಿದ್ದನ್ನು ಮಾಡಿ ನೋಡದೆ ಬರೆಯುವುದು ಸರಿಯಲ್ಲವೆನಿಸಿತು.

ಮೊದಲು ಸುರಂಗಕ್ಕೆ ಹೋದೆ. ತಮ್ಮನನ್ನು ಬಾಯಿಯಲ್ಲಿ ನಿಲ್ಲಿಸಿ, ಗಾಳಿಯನ್ನು ಬತ್ತಿಯಿಂದ ಪರೀಕ್ಷಿಸಿಕೊಂಡು, ಬೇರುಗಳು ಜೋಲುವ ಜಾಗದಲ್ಲಿ ಕುಳಿತು ಬತ್ತಿಯನ್ನು ನಂದಿಸಿದೆ. ಮೊದಲ ಐದು ನಿಮಿಷ ಏನೂ ಇಲ್ಲ, ನೀರಿನ ಹನಿಗಳ ಸದ್ದು ಮಾತ್ರ. ಅರ್ಧ ಗಂಟೆ ತುಂಬುವ ಹೊತ್ತಿಗೆ ದೂರದ ಬಾಯಿಯ ಕಡೆಯಿಂದ ಬರುವ ಬೂದಿಯಂಥ ಬೆಳಕಿನಲ್ಲಿ ಒದ್ದೆಯಾದ ಬೇರಿನ ತುದಿಗಳು ಕಾಣಿಸತೊಡಗಿದವು. ಗೋಡೆ ಕೆಂಪಾಗಿರಲಿಲ್ಲ. ನಲವತ್ತು ವರ್ಷಗಳಿಂದ ಕೆಂಪೆಂದು ನಂಬಿದ್ದ ಗೋಡೆ ಇದ್ದಿಲಿನ ಬಣ್ಣದ್ದಾಗಿತ್ತು, ಅದರ ಮೇಲೆ ಅಜ್ಜನ ಪಿಕ್ಕಾಸಿನ ಗೀರುಗಳಲ್ಲಿ ನಿಂತ ನೀರು ಮಾತ್ರ ಬೆಳ್ಳಗೆ ಮಿನುಗುತ್ತಿತ್ತು. ಅಲ್ಲಿ ಹೊಳೆಯುವ ಅಣಬೆ ಇರಲಿಲ್ಲ. ಇದ್ದಿದ್ದರೆ ಎಲ್ಲಿ ಬೆಳೆಯುತ್ತಿತ್ತೆಂದು ಗೊತ್ತಾಗುವಷ್ಟು ಸತ್ತ ಬೇರುಗಳಿದ್ದವು. ಅತಲ, ವಿತಲಗಳ ಚಿತ್ರಗಳಲ್ಲಿ ಗೋಡೆಗಳನ್ನು ಮತ್ತೆ ಬರೆಯಲು ತೊಡಗಿದ್ದೇನೆ, ಹಸಿರೆಲೆಗಳನ್ನು ತೆಗೆದಿದ್ದೇನೆ.

ಕಣ್ಣಿನ ಬೆಳಕು, ಗುಣದ ಬೆಳಕು ಎಂಬ ಮಾತು ಕೆಲವು ದಿನ ನನ್ನನ್ನು ಕಾಡಿತು. ಒಂದನ್ನು ಆರಿಸಿದರೆ ಇನ್ನೊಂದನ್ನು ಬಿಡಬೇಕಲ್ಲವೆಂಬ ಸಂಕಟ. ಕೊನೆಗೆ ಸುತಲದ ಚಿತ್ರದ ಮುಂದೆ ಕುಳಿತಾಗ ಹೊಳೆಯಿತು: ದಾನಿಯಾದ ಬಲಿಯ ಬಣ್ಣ ಗುಣದಿಂದ ಹಸಿರು, ಕೊಳೆತ ಬೇರಿನ ಅಣಬೆಯ ಬೆಳಕಿನಲ್ಲಿ ಕುಳಿತವನ ಮುಖವೂ ಹಸಿರು. ಆ ಒಂದು ಮುಖದಲ್ಲಿ ಎರಡು ಬೆಳಕುಗಳೂ ಜಗಳವಿಲ್ಲದೆ ಕೂಡುತ್ತವೆ. ಆದುದರಿಂದ ಸುತಲದಲ್ಲಿ ಬಲಿಯೊಬ್ಬನನ್ನೇ ಭಿತ್ತಿಚಿತ್ರದ ಕ್ರಮದಲ್ಲಿ, ನೆರಳಿಲ್ಲದೆ ಬರೆಯುತ್ತೇನೆ. ಅವನ ಸುತ್ತಲಿನದೆಲ್ಲ ಕಣ್ಣಿಗೆ ಕಂಡಂತೆ ಇರುತ್ತದೆ. ಬೆರೆಸಬಾರದೆಂದು ನೀವು ಎಚ್ಚರಿಸಿದ್ದೀರಿ, ಆದರೂ ಈ ಒಂದು ಕಡೆ ಧೈರ್ಯ ಮಾಡುತ್ತೇನೆ.

ಸಭೆ ನಡೆಯುವುದು ತುಂಬೆ ಗಿಡದ ಅಡಿಯಲ್ಲಿ. ಬೆಳಕಿಲ್ಲದ ಕಡೆ ತುಂಬೆ ಹೇಗೆಂದು ಆ ತರುಣಿ ಮತ್ತೆ ಕೇಳಬಹುದು. ಅದಕ್ಕಾಗಿ ತುಂಬೆಯನ್ನು ಹಸಿರಿಲ್ಲದ, ಕತ್ತಲೆಯಲ್ಲಿ ಮೊಳೆತ ಸಸಿಯಂತೆ ಬಿಳಿಚಿದ ಗಿಡವಾಗಿ ಬರೆಯುತ್ತಿದ್ದೇನೆ. ಅಂಗಳದ ಅಂಚಿನಿಂದ ಒಂದು ಗಿಡವನ್ನು ಕಿತ್ತು ತಂದು, ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿದೆ. ಅದರ ಕಾಂಡ ದುಂಡಗಿಲ್ಲ, ಚೌಕಾಕಾರವಾಗಿದೆ. ನಾಲ್ಕು ಮೂಲೆಗಳಲ್ಲೂ ಏಣುಗಳಿವೆ, ಮೈಯೆಲ್ಲ ನವುರಾದ ರೋಮ. ಅದು ಮಯನ ಸಭೆಯ ಕಂಬವೇ. ಮನೆಯ ಚಾವಡಿಯ ಮರದ ಕಂಬಗಳಂತೆ ನಾಲ್ಕು ಏಣಿನ, ರೋಮ ಹೊದ್ದ ಕಂಬಗಳ ನಡುವೆ ಬಲಿ ಕುಳಿತಿದ್ದಾನೆ. ಮಾಷ್ಟ್ರೇ, ತುಂಬೆಯ ಅಡಿಯಲ್ಲಿ ಕುಳಿತುಕೊಳ್ಳುವಷ್ಟು ಸಣ್ಣವರಾದವರಿಗೆ ನೀರು ಹೇಗೆ ಕಾಣಿಸೀತು? ಕಪ್ಪೆಯ ಕಣ್ಣನ್ನು ಸಾಸಿವೆಯಷ್ಟು ಮಾಡಿದ್ದೇನೆ.

ಪದವಿನ ಮಾಷ್ಟ್ರು ಉತ್ತರಿಸಿದ್ದಾರೆ:

ಒಳ್ಳೆಯ ಪ್ರಶ್ನೆ. ಗಾತ್ರ ಕಿರಿದಾದಂತೆ ಭಾರದ ಪ್ರಭಾವ ಕುಗ್ಗಿ, ನೀರಿನ ಮೇಲ್ಮೈ ಸೆಳೆತದ ಪ್ರಭಾವ ಹೆಚ್ಚುತ್ತದೆ. ಇರುವೆಯಷ್ಟಿರುವವರಿಗೆ ನೀರು ಹರಿಯುವ ವಸ್ತುವಾಗಿ ಉಳಿಯುವುದಿಲ್ಲ. ಅದು ದುಂಡಗೆ ನಿಲ್ಲುತ್ತದೆ, ಮುಟ್ಟಿದರೆ ಅಂಟುತ್ತದೆ, ಅದರೊಳಗೆ ಸಿಕ್ಕಿದರೆ ಹೊರಬರುವುದು ಕಷ್ಟ. ವಾಮನನಿಗೆ ಧಾರೆಯೆರೆದ ಕಮಂಡಲುವಿನ ನೀರನ್ನು ಆ ಸಭೆಯಲ್ಲಿ ಎಲ್ಲಾದರೂ ತೋರಿಸುವ ಯೋಚನೆಯಿದ್ದರೆ, ಧಾರೆಯಾಗಿ ಬರೆಯಬೇಡಿ. ಬಲಿಯ ಬೊಗಸೆ ತುಂಬ ಒಂದೇ ಒಂದು ಹನಿ, ತಲೆಯಷ್ಟು ದೊಡ್ಡದು, ಬೆರಳುಗಳಿಗೆ ಅಂಟಿಕೊಂಡು ಉರುಳದೆ ನಿಂತಿರಲಿ. ಹಸಿರು ಬೆಳಕು ಆ ಹನಿಯೊಳಗೆ ತಲೆಕೆಳಗಾಗಿ ಕಾಣಿಸುತ್ತದೆ ಎಂಬುದು ನೆನಪಿರಲಿ.

ಚೌಕಿಮನೆ ಉತ್ತರಿಸಿದ್ದಾರೆ:

ತಂಗೀ, ಗುಲಗಂಜಿಯನ್ನೂ ಬರೆಯುತ್ತೀರೆಂದು ನಂಬಿದ್ದೇನೆ. ಬರೆಯುವಾಗ ಒಂದು ಎಚ್ಚರಿಕೆ ಇರಲಿ: ಕಪ್ಪು ಮಾಸಿದ ಗುಲಗಂಜಿಯನ್ನು ಸುತಲದಲ್ಲಿ ಇಡಬೇಡಿ. ಕಪ್ಪು ಮಾಸಿದ ದಿನ ಬಲೀಂದ್ರನಿಗೆ ಅಲ್ಲಿ ಕುಳಿತಿರುವ ಕಾರಣವೇ ಇಲ್ಲ. ಮಾಷ್ಟ್ರು ಹೇಳಿದ ಲೆಕ್ಕದಂತೆ ಆ ಬೆಳಕಿನಲ್ಲಿ ಗುಲಗಂಜಿಯ ಕೆಂಪೂ ಕಪ್ಪಾಗಿ ಕಾಣಿಸುವುದಾದರೆ ಕಾಳಿಗೆ ಕಾಳೇ ಕಪ್ಪಾಗಲಿ, ಕೆಂಪು ಎಲ್ಲಿ ಮುಗಿದು ಕಪ್ಪು ಎಲ್ಲಿ ತೊಡಗುತ್ತದೆಂದು ಅವನಿಗೆ ಗೊತ್ತಾಗದಿರಲಿ. ಅದನ್ನು ಅವನು ಕೈಯಲ್ಲಿ ಹಿಡಿದು, ಹನಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿರುವಂತೆ ಬರೆಯಿರಿ.